ಕಲೆ ಮಾಯವಾದ ಮೇಲೂ ನಮ್ಮ ಕೈ ಬಿಡದವರಿಗೆ

ಮೊನ್ನೆ ಸೋಮವಾರ ಮಗಳ ಮೂತ್ರದ ರಿಪೋರ್ಟ್ ಬಂತು. ಪ್ರೋಟೀನ್ ಇಲ್ಲ, ರಕ್ತಕಣ ಇಲ್ಲ, ಬಿಪಿಯೂ ಸರಿಯಾಗಿದೆ. ಮೈಮೇಲೆ ಕಲೆ ತಂದು ಕಿಡ್ನಿಗೂ ತಾಗಿದ್ದ ಕಾಯಿಲೆ ಶುರುವಾಗಿ ಒಂದು ವರ್ಷ ತುಂಬಿತು. ಮಾತ್ರೆ ನಿಲ್ಲಿಸಿ ನಾಲ್ಕು ತಿಂಗಳಾಯಿತು. ವರ್ಷವಿಡೀ "ಪಾಪು ಹೇಗಿದ್ದಾಳೆ?" ಅಂತ ಕೇಳಿದವರಿಗೆಲ್ಲ "ಪರವಾಗಿಲ್ಲ" ಅಂದು ಸುಮ್ಮನಾಗುತ್ತಿದ್ದೆ. ಅದಕ್ಕಿಂತ ಜಾಸ್ತಿ ಮಾತಾಡಿದರೆ ಅಳು ಬರುತ್ತಿತ್ತು. ಇವತ್ತು ಕೂತು ಬರೆಯುತ್ತಿದ್ದೇನೆ.

ಕಳೆದ ವರ್ಷ ದೀಪಾವಳಿ ಹೊತ್ತಿಗೆ ಅವಳಿಗೆ ನೆಗಡಿ, ಗಂಟಲು ನೋವು ಬಂದು ಹೋಗಿತ್ತು. ಎರಡು ವಾರ ಬಿಟ್ಟು ಒಂದು ಬೆಳಿಗ್ಗೆ ಸ್ಕೂಲಿಗೆ ಸಾಕ್ಸ್ ಹಾಕುವಾಗ ನೋಡಿದೆ. ಎರಡೂ ಕಾಲಿನ ಮೇಲೆ ನೇರಳೆ ಹಣ್ಣಿನ ರಸ ಸಿಡಿದ ಹಾಗೆ ಕಲೆಗಳು. ಬೆರಳಾಡಿಸಿದರೆ ಸ್ವಲ್ಪ ಉಬ್ಬಿರುವುದು ಗೊತ್ತಾಗುತ್ತಿತ್ತು. ನಮ್ಮತ್ತೆ "ಅಮ್ಮ ಬಂದಿರಬೇಕು" ಅಂತ ಬೇವಿನ ಸೊಪ್ಪು ತಂದರು. ಒಂದು ಕ್ಲಿನಿಕ್ಕಿನಲ್ಲಿ ಪಿತ್ತದ ಗಂಧೆ ಅಂತ ಇಂಜೆಕ್ಷನ್ ಕೊಟ್ಟರು. ಮೂರನೇ ದಿನಕ್ಕೆ ಕಲೆಗಳು ತೊಡೆ, ಕುಂಡಿಗೂ ಹಬ್ಬಿದವು. ಕಾಲಿನ ಹರಡು ಊದಿ ಹೆಜ್ಜೆ ಇಡೋಕ್ಕಾಗಲಿಲ್ಲ. ರಾತ್ರಿ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದಳು. ಮಂಡ್ಯದಲ್ಲಿ ಮಗುವಿನ ಮೈಮೇಲೆ ಕೆಂಪು ಕಲೆ ಅಂದರೆ ಎಲ್ಲರ ಬಾಯಲ್ಲೂ ಬರುವುದು ಡೆಂಗ್ಯೂ. ನಾವೂ ಹಾಗೇ ಅಂದುಕೊಂಡೆವು.

ಮೊದಲ ಧನ್ಯವಾದ ಅವತ್ತು ರಾತ್ರಿ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮನಿಗೆ. ಅವರು ಒಂದು ಗಾಜಿನ ಲೋಟ ತರಿಸಿದರು. ಅದರ ತಳವನ್ನು ಕಲೆಯ ಮೇಲೆ ಒತ್ತಿ, "ನೋಡಿ, ಕೆಂಪು ಹೋಗ್ತಾ ಇಲ್ಲ ಅಲ್ವಾ? ಅಲರ್ಜಿ ಆಗಿದ್ದರೆ ಒತ್ತಿದಾಗ ಬಿಳಿಚಿಕೊಳ್ಳುತ್ತಿತ್ತು. ಇದು ಚರ್ಮದೊಳಗೆ ಸೋರಿರುವ ರಕ್ತ" ಅಂದರು. ಪ್ಲೇಟ್‌ಲೆಟ್ ಲೆಕ್ಕ 3 ಲಕ್ಷದ ಮೇಲಿತ್ತು. "ಪ್ಲೇಟ್‌ಲೆಟ್ ಚೆನ್ನಾಗಿದೆ, ಕಲೆ ಸೊಂಟದಿಂದ ಕೆಳಗೇ ಜಾಸ್ತಿ ಇದೆ, ಕೀಲು ನೋವು, ಹೊಟ್ಟೆ ನೋವು ಎರಡೂ ಇದೆ. ನಾಳೆ ಬೆಳಿಗ್ಗೇನೇ ಮೈಸೂರಿಗೆ ಹೋಗಿ" ಅಂತ ಚೀಟಿ ಬರೆದುಕೊಟ್ಟರು. ಆ ಲೋಟ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಮೈಸೂರಿನಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು. ಐಜಿಎ ವ್ಯಾಸ್ಕುಲೈಟಿಸ್. ಫೈಲಿನ ಮೇಲೆ ಎಚ್‌ಎಸ್‌ಪಿ ಅಂತಲೂ ಬರೆದಿದ್ದರು. ಎರಡು ಕಾಯಿಲೆ ಅಂತ ನನಗೆ ಎದೆ ಒಡೆದುಹೋಯಿತು. ಎರಡೂ ಒಂದೇ ಅಂತೆ. ಹೆನೋಕ್, ಶೋನ್‌ಲೈನ್ ಅನ್ನೋ ಇಬ್ಬರು ಜರ್ಮನ್ ವೈದ್ಯರ ಹೆಸರಿನಿಂದ ಬಂದ ಎಚ್‌ಎಸ್‌ಪಿ ಅನ್ನೋ ಹಳೇ ಹೆಸರನ್ನು 2012ರಲ್ಲಿ ಬದಲಾಯಿಸಿದ್ದಾರೆ. ನೆಗಡಿಯಂಥ ಸೋಂಕು ಬಂದು ಹೋದ ಮೇಲೆ ಐಜಿಎ ಅನ್ನೋ ಪ್ರತಿಕಾಯ ಸಣ್ಣ ರಕ್ತನಾಳಗಳಲ್ಲಿ ಕೂತು ಉರಿಯೂತ ತರುತ್ತದೆ. ಚರ್ಮದಲ್ಲಾದರೆ ಕಲೆ, ಕರುಳಲ್ಲಾದರೆ ಹೊಟ್ಟೆನೋವು. ಕಿಡ್ನಿಯಲ್ಲಾದರೆ ಎಷ್ಟೋ ಮಕ್ಕಳಲ್ಲಿ ಹೊರಗೆ ಏನೂ ಕಾಣುವುದಿಲ್ಲ.

ಮೂರನೇ ವಾರಕ್ಕೆ ಕಲೆಗಳು ಕಂದಿ, ಮಾಯವಾಗಿ ಕಾಲು ಮೊದಲಿನ ಹಾಗಾಯಿತು. ಗುಣವಾಯಿತು ಅಂತ ಮನೆದೇವರಿಗೆ ಹಣ್ಣುಕಾಯಿ ಮಾಡಿಸಿದೆವು. ಪರೀಕ್ಷೆ ನಿಲ್ಲಿಸಿಬಿಡೋಣ ಅಂತ ನಾನೇ ಮೈಸೂರಿನ ಡಾಕ್ಟರನ್ನು ಕೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಅಮ್ಮಾ, ಈ ಕಾಯಿಲೆ ಬಂದ ಸುಮಾರು ಮೂರು ಮಕ್ಕಳಲ್ಲಿ ಒಬ್ಬರಿಗೆ ಕಿಡ್ನಿಗೆ ತಾಗುತ್ತೆ. ಬಂದರೆ ಹೆಚ್ಚುಕಮ್ಮಿ ಎಲ್ಲರಿಗೂ ಆರು ತಿಂಗಳೊಳಗೇ ಬರುತ್ತೆ. ಮೊದಲೇ ಸ್ಟೀರಾಯ್ಡ್ ಕೊಟ್ಟು ತಡೆಯೋಕ್ಕೂ ಆಗಲ್ಲ. ನೋಡ್ತಾ ಇರೋದೊಂದೇ ದಾರಿ" ಅಂದರು. ಸರ್, ಅವತ್ತು ನೀವು ಅಷ್ಟು ಹೊತ್ತು ಕೊಡದಿದ್ದರೆ ನಾವು ಮತ್ತೆ ಬರುತ್ತಿರಲಿಲ್ಲ. ಇದು ನಿಜ.

ಆಮೇಲೆ, ಕಿಡ್ನಿಯಿಂದ ಮೂತ್ರಕ್ಕೆ ಪ್ರೋಟೀನ್ ಸೋರುತ್ತಿದೆಯಾ ಅಂತ ತೋರಿಸೋ ಬಣ್ಣದ ಕಡ್ಡಿ ನಮ್ಮ ಮನೆಗೆ ಬಂತು. ಬೆಳಗಿನ ಮೊದಲ ಮೂತ್ರವನ್ನು ಪುಟ್ಟ ಡಬ್ಬಿಯಲ್ಲಿ ಹಿಡಿದು, ಕಡ್ಡಿ ಅದ್ದಿ ತೆಗೆದು, ಅರವತ್ತು ಎಣಿಸಿ, ಬಾಟಲಿ ಮೇಲಿನ ಬಣ್ಣಗಳ ಪಕ್ಕ ಹಿಡಿದು ನೋಡುವುದು. ಪ್ರೋಟೀನ್ ಚೌಕ ಹಳದಿಯಾಗೇ ಇದ್ದರೆ ಸರಿ, ಹಸಿರಿಗೆ ತಿರುಗಿದರೆ ತೊಂದರೆ. ಮಗಳು ಅರವತ್ತರವರೆಗೆ ತಪ್ಪಿಲ್ಲದೆ ಎಣಿಸುವುದು ಕಲಿತದ್ದು ನಮ್ಮ ಬಚ್ಚಲುಮನೆ ಬಾಗಿಲಲ್ಲಿ. ಆರನೇ ವಾರದ ಒಂದು ಬೆಳಿಗ್ಗೆ ಅವಳು ಐವತ್ತೆಂಟು, ಐವತ್ತೊಂಬತ್ತು ಅನ್ನುತ್ತಿದ್ದಾಗಲೇ ಚೌಕ ಹಸಿರಾಗಿತ್ತು. ಮಗು ಕುಣಿದಾಡಿಕೊಂಡಿತ್ತು. ನೋವಿಲ್ಲ, ಜ್ವರವಿಲ್ಲ, ಮೈಮೇಲೆ ಒಂದು ಕಲೆಯೂ ಇಲ್ಲ.

ಎರಡು ವಾರದಲ್ಲಿ ಪ್ರೋಟೀನ್ ಇನ್ನೂ ಏರಿತು. ಕಿಡ್ನಿ ಬಯಾಪ್ಸಿ ಮಾಡಿದರು, ಅಂದರೆ ಸೂಜಿಯಿಂದ ಕಿಡ್ನಿಯ ಸಣ್ಣ ಚೂರು ತೆಗೆದು ಪರೀಕ್ಷಿಸುವುದು. ಸೂಜಿ ಹಾಕಿದ ಮೇಲೆ ಸಂಜೆವರೆಗೂ ಅಲ್ಲಾಡದೆ ಅಂಗಾತ ಮಲಗಬೇಕಿತ್ತು. ಆರು ವರ್ಷದ ಮಗುವನ್ನು ಹಾಗೆ ಮಲಗಿಸುವುದು ಹೇಗೆ? ನಮ್ಮತ್ತೆ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡು, ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದ ದಿನಗಳ ಕತೆ ಹೇಳುತ್ತಾ ಹೋದರು. ಗಂಟಲು ಕಟ್ಟಿದರೂ ನಿಲ್ಲಿಸಲಿಲ್ಲ. ಅತ್ತೆ, ನಿಮ್ಮ ಕಾಲಿಗೆ ಬೀಳಬೇಕು ಅನ್ನಿಸಿತ್ತು ಅವತ್ತು.

ಸ್ಟೀರಾಯ್ಡ್ ಮಾತ್ರೆ, ಜೊತೆಗೆ ಪ್ರೋಟೀನ್ ಸೋರುವುದನ್ನು ಕಮ್ಮಿ ಮಾಡೋ ಎನಾಲಪ್ರಿಲ್ ಶುರುವಾಯಿತು. ಊಟದಲ್ಲಿ ಉಪ್ಪು ಕಡಿಮೆ. ಉಪ್ಪಿನಕಾಯಿ, ಹಪ್ಪಳ ಬಂದ್. ನಮ್ಮನೆಯವರು ಮಗಳ ಜೊತೆ ತಾವೂ ಸಪ್ಪೆ ಬಸ್ಸಾರಿನಲ್ಲೇ ಆರು ತಿಂಗಳು ಮುದ್ದೆ ಉಂಡರು. ಮಾತ್ರೆಯಿಂದ ಅವಳ ಮುಖ ಊದಿಕೊಂಡಿತು. ಕ್ಲಾಸಿನ ಮಕ್ಕಳು ಏನೋ ಅಂದರಂತೆ. ಅವಳ ಮಿಸ್ ಮರುದಿನ ಇಡೀ ಕ್ಲಾಸಿಗೆ ಔಷಧಿಯಿಂದ ಹೀಗಾಗುತ್ತೆ, ಆಮೇಲೆ ಇಳಿಯುತ್ತೆ ಅಂತ ತಿಳಿಸಿ ಹೇಳಿದರು. ಆಟಕ್ಕೆ ಜೊತೆಗಾರರನ್ನು ಮೊದಲು ಆರಿಸಿಕೊಳ್ಳುವುದನ್ನು ಆ ವಾರವಿಡೀ ಇವಳಿಗೇ ಬಿಟ್ಟರು. ಮಿಸ್, ನಿಮಗೆ ನನ್ನ ನಮಸ್ಕಾರ.

ಬೆಳಿಗ್ಗೆ ಏಳಕ್ಕೆ ಮುಂಚೆಯೇ ನಮಗೋಸ್ಕರ ಬಾಗಿಲು ತೆಗೆಯುತ್ತಿದ್ದ ಲ್ಯಾಬಿನ ಅಣ್ಣನಿಗೆ ಧನ್ಯವಾದ. ತೋಳಿಗೆ ದೊಡ್ಡವರ ಪಟ್ಟಿ ಕಟ್ಟಿದರೆ ಬಿಪಿ ತಪ್ಪು ತೋರಿಸುತ್ತೆ ಅಂತ ಪ್ರತಿ ಸಲ ಮಕ್ಕಳ ಪಟ್ಟಿ ಹುಡುಕಿ ತರುತ್ತಿದ್ದ ನರ್ಸಮ್ಮನಿಗೂ. ಸರಸ್ವತಿಪುರಂನಲ್ಲಿರುವ ನಮ್ಮಕ್ಕ ಒಂದು ವರ್ಷ ತನ್ನ ಮನೆ ಬೀಗದ ಕೈಯನ್ನೇ ನಮಗೆ ಕೊಟ್ಟಿದ್ದಳು. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಎಷ್ಟು ಸಲ ಓಡಾಡಿದೆವೋ ಲೆಕ್ಕ ಮಗಳ ಹತ್ತಿರ ಇದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಸೇತುವೆ ಬಂದಾಗಲೆಲ್ಲ ಕೈಮುಗಿದು ಒಂದೊಂದು ಬೆರಳು ಮಡಿಸುತ್ತಿದ್ದಳು.

ಮಂಡ್ಯದಲ್ಲಿ ಈ ಕಾಯಿಲೆ ಬಂದ ಮಗುವಿನ ತಂದೆತಾಯಿ ಯಾರಾದರೂ ಇದನ್ನು ಓದುತ್ತಿದ್ದರೆ, ಎಷ್ಟೋ ಮಕ್ಕಳಿಗೆ ಕಿಡ್ನಿ ತೊಂದರೆ ಬರುವುದೇ ಇಲ್ಲ, ಹೆದರಬೇಡಿ. ಆದರೆ ಕಲೆ ಹೋಯಿತು ಅಂತ ಮೂತ್ರದ ಪರೀಕ್ಷೆ ಬಿಡಬೇಡಿ. ನಾನು ಬಿಡುವವಳಿದ್ದೆ.

ಸೋಮವಾರ ಡಾಕ್ಟರು ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಅಂದರು. "ಫೈಲ್ ಮಾತ್ರ ಜೋಪಾನ. ಮುಂದೆ ಇವಳು ಬಸುರಿಯಾದಾಗ ಅಲ್ಲಿನ ಡಾಕ್ಟರಿಗೆ ಇದನ್ನು ತೋರಿಸಬೇಕು. ಆಗ ಬಿಪಿ, ಪ್ರೋಟೀನ್ ಮೇಲೆ ಕಣ್ಣಿಡುತ್ತಾರೆ" ಅಂತಲೂ ಹೇಳಿದರು. ಮನೆಗೆ ಬಂದು ಫೈಲನ್ನು ಬೀರುವಿನಲ್ಲಿ ಅವಳ ಜಾತಕದ ಜೊತೆ ಇಟ್ಟೆ.