ಸಾಲ ತೀರಿಸದ ರಾಜನ ಊರು

ಮ್ಯೂನಿಕ್

ಪ್ರೀತಿಯ ಆಯಿ, ಅಪ್ಪಯ್ಯ,

ಇನ್ಸ್‌ಬ್ರುಕ್‌ಗೆ ಹೋದಾಗ ನಾನು ತೆಗೆದ ಚಿನ್ನದ ಛಾವಣಿಯ ಫೋಟೋ ನೋಡಿ ‘ಚಿನ್ನದ ಮಾಡು ಅಂದರೆ ಇಷ್ಟೇನಾ?’ ಎಂದು ಆಯಿ ಕೇಳಿದಳು. ಅಪ್ಪಯ್ಯ ‘ಯಾರು ಕಟ್ಟಿಸಿದ್ದು, ಯಾವ ಕಾಲದ್ದು?’ ಎಂದರು. ಫೋನಿನಲ್ಲಿ ಹೇಳೋಕೆ ಹೋದರೆ ಅರ್ಧಕ್ಕೇ ಯಾರಾದರೂ ಬಾಗಿಲು ಬಡಿಯುತ್ತಾರೆ, ಇಲ್ಲ ನೆಟ್‌ವರ್ಕ್ ಹೋಗುತ್ತದೆ. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ನಿಧಾನ ಓದಿ.

ಇನ್ಸ್‌ಬ್ರುಕ್ ಇರುವುದು ಆಸ್ಟ್ರಿಯಾದಲ್ಲಿ, ಟಿರೋಲ್ ಎಂಬ ಪ್ರಾಂತ್ಯದ ರಾಜಧಾನಿ. ಇಲ್ಲಿಂದ ರೈಲಿನಲ್ಲಿ ಎರಡು ಗಂಟೆಯೊಳಗೆ ಹೋಗಿಬಿಡಬಹುದು. ಗಡಿ ದಾಟಿದ್ದು ಗೊತ್ತೇ ಆಗುವುದಿಲ್ಲ. ಕುಫ್‌ಸ್ಟೈನ್ ಕಳೆದ ಮೇಲೆ ಇನ್ ನದಿ ರೈಲಿನ ಪಕ್ಕಕ್ಕೇ ಬರುತ್ತದೆ. ನಮ್ಮ ಶರಾವತಿಯ ಬಣ್ಣ ಅದಕ್ಕಿಲ್ಲ. ಹಿಮನದಿಗಳು ಅರೆದ ಕಲ್ಲಿನ ಪುಡಿ ಸೇರಿ ನೀರು ಬೂದಿ ಬೆರೆತ ಹಸಿರಾಗಿರುತ್ತದೆ. ಊರು ಸಮುದ್ರಮಟ್ಟದಿಂದ 574 ಮೀಟರ್ ಎತ್ತರದಲ್ಲಿದೆ. ಆದರೆ ಪೇಟೆಯ ಬೀದಿಯಲ್ಲಿ ನಿಂತು ತಲೆ ಎತ್ತಿದರೆ ನಾರ್ಡ್‌ಕೆಟ್ಟೆ ಬೆಟ್ಟಸಾಲು 2,300 ಮೀಟರ್ ದಾಟಿ ನಿಂತಿದೆ. ಬೀದಿಯ ಕೊನೆಗೇ ಗೋಡೆ ಎಬ್ಬಿಸಿದ್ದಾರೆ ಅನ್ನಿಸುತ್ತದೆ, ಅಷ್ಟು ಹತ್ತಿರ.

ಹಳೇ ಪೇಟೆ ಚಿಕ್ಕದು. ಸುಮ್ನೆ ನಡೆದರೆ ಹತ್ತು ನಿಮಿಷಕ್ಕೆ ಈ ತುದಿಯಿಂದ ಆ ತುದಿ ಮುಗಿಯುತ್ತದೆ. ನಾವು, ಅಂದರೆ ನಾನು ಮತ್ತು ನನ್ನ ರೂಮ್‌ಮೇಟ್, ಗೈಡ್ ಜೊತೆ ನಡೆಯುವ ಒಂದು ಗಂಟೆಯ ಸುತ್ತಿಗೆ ಸೇರಿಕೊಂಡೆವು. ಗೈಡ್ ಅರವತ್ತರ ಆಸುಪಾಸಿನ ಹೆಂಗಸು, ಅದೇ ಊರಿನವರು. ಇಸವಿಗಳನ್ನು ಗಿಳಿಪಾಠ ಒಪ್ಪಿಸಲಿಲ್ಲ. ಒಂದೊಂದು ಕಡೆ ನಿಲ್ಲಿಸಿ ‘ಮೊದಲು ನೀವೇ ನೋಡಿ, ಆಮೇಲೆ ಹೇಳುತ್ತೇನೆ’ ಎನ್ನುತ್ತಿದ್ದರು. ಎಂಥ ಒಳ್ಳೆಯ ಪದ್ಧತಿ ಅಲ್ವಾ? ಅಪ್ಪಯ್ಯ ಶಾಲೆಯಲ್ಲಿ ಹೀಗೇ ಪಾಠ ಮಾಡುತ್ತಿದ್ದರು ಎಂದು ಅವರ ಹಳೇ ಶಿಷ್ಯರು ಈಗಲೂ ಹೇಳುತ್ತಾರೆ.

ಮೊದಲು ನಿಲ್ಲಿಸಿದ್ದು ಮನೆಗಳ ಬುಡದಲ್ಲಿ. ಕೆಲವು ಗೋಡೆಗಳ ಕೆಳಭಾಗ ದಪ್ಪಗೆ ಓರೆಯಾಗಿ ಹೊರಗೆ ಚಾಚಿಕೊಂಡಿದೆ. ಅಲಂಕಾರ ಅಂದುಕೊಂಡಿದ್ದೆ. ಹದಿನೇಳನೇ ಶತಮಾನದಲ್ಲಿ ಭೂಕಂಪಗಳಾದ ಮೇಲೆ ಮನೆ ಬೀಳದಿರಲಿ ಎಂದು ಕಟ್ಟಿದ ಆಸರೆ ಗೋಡೆಗಳಂತೆ ಅವು. 1689ರ ಭೂಕಂಪದಲ್ಲಿ ಊರಿನ ದೊಡ್ಡ ಚರ್ಚ್ ಕೂಡ ಹಾಳಾಗಿ, ಆಮೇಲೆ ಹೊಸದಾಗಿ ಕಟ್ಟಿದರು. ರಸ್ತೆಯ ಎರಡೂ ಕಡೆ ಅಂಗಡಿಗಳ ಮುಂದೆ ಕಮಾನಿನ ಸಾಲಿದೆ. ಅದರಡಿ ನಡೆದರೆ ಮಳೆಯಿರಲಿ ಹಿಮವಿರಲಿ ಒದ್ದೆಯಾಗುವುದಿಲ್ಲ, ನಮ್ಮ ಪೇಟೆಯ ಹಳೇ ಅಂಗಡಿಗಳ ಜಗುಲಿಯ ಹಾಗೆ. ಹೆಲ್ಬ್ಲಿಂಗ್‌ಹೌಸ್ ಎಂಬ ಮನೆಯನ್ನೂ ತೋರಿಸಿದರು. ಮೈತುಂಬ ಗಾರೆಯ ಹೂಬಳ್ಳಿ. ಒಳಗಿನ ಮನೆ ಇನ್ನೂ ಹಳೆಯದು, ಈ ಅಲಂಕಾರ ಮಾಡಿದ್ದು ಹದಿನೆಂಟನೇ ಶತಮಾನದಲ್ಲಿ. ನನಗೇನೂ ಹಿಡಿಸಲಿಲ್ಲ, ಜಾಸ್ತಿಯಾಯಿತು ಅನ್ನಿಸಿತು.

ಈಗ ಚಿನ್ನದ ಮಾಡಿಗೆ ಬರುತ್ತೇನೆ. ಆಯಿ, ಅದು ಇಡೀ ಮನೆಯ ಮಾಡಲ್ಲ. ಚೌಕದ ಕಡೆ ಮುಖ ಮಾಡಿದ ಒಂದು ಉಪ್ಪರಿಗೆಯ ಮೇಲಿನ ಮಾಡು, ಅಷ್ಟೇ. 2,657 ತಾಮ್ರದ ಹೆಂಚುಗಳಿಗೆ ಚಿನ್ನದ ಲೇಪ ಕೊಟ್ಟಿದ್ದಾರೆ. ಆಗಿನ ಕ್ರಮದಲ್ಲಿ ಚಿನ್ನವನ್ನು ಪಾದರಸದಲ್ಲಿ ಕಲೆಸಿ, ತಾಮ್ರಕ್ಕೆ ಬಳಿದು, ಬೆಂಕಿಗೆ ಹಿಡಿಯುತ್ತಿದ್ದರು. ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತಿತ್ತು. ಆ ಆವಿ ವಿಷ. ಅದನ್ನು ಕುಡಿದುಕೊಂಡು ಕೆಲಸ ಮಾಡಿದವರ ಹೆಸರು ನನಗೆ ಎಲ್ಲೂ ಕಾಣಲಿಲ್ಲ. ಮೋಡ ಸರಿದು ಬಿಸಿಲು ಬಿದ್ದಾಗ ಮಾಡು ಹೊಳೆದದ್ದು ನೋಡಿ ಗುಂಪಿನವರೆಲ್ಲ ‘ಆಹಾ’ ಎಂದರು. ನನಗೆ ಮಾತ್ರ ಆ ಕೆಲಸಗಾರರದ್ದೇ ನೆನಪು.

ಕಟ್ಟಿಸಿದವನು ಒಂದನೇ ಮ್ಯಾಕ್ಸಿಮಿಲಿಯನ್, ಹ್ಯಾಬ್ಸ್‌ಬರ್ಗ್ ಮನೆತನದ ಚಕ್ರವರ್ತಿ. ಕೆಲಸ ಮುಗಿದದ್ದು 1500ರಲ್ಲಿ. ಚೌಕದಲ್ಲಿ ಆಟ, ಕುಣಿತ ನಡೆದಾಗ ಮೇಲೆ ಕುಳಿತು ನೋಡೋಕೆ, ಜನರಿಗೂ ತಾನು ಕಾಣಿಸೋಕೆ. ಅಪ್ಪಯ್ಯ, ಅವನು ತೀರಿಕೊಂಡದ್ದು 1519ರಲ್ಲಿ. ಅಂದರೆ ಅತ್ತ ಹಂಪೆಯಲ್ಲಿ ಕೃಷ್ಣದೇವರಾಯ ಆಳುತ್ತಿದ್ದ ಕಾಲ.

ಮಾಡಿನ ಕೆಳಗೆ ಕಲ್ಲಿನ ಕೆತ್ತನೆಗಳಿವೆ. ಹೊರಗಿರುವುದು ನಕಲು, ಮೂಲ ಕಲ್ಲುಗಳನ್ನು ಮ್ಯೂಸಿಯಮ್ಮಿನಲ್ಲಿ ಕಾಪಾಡಿದ್ದಾರೆ. ಕೈಕಾಲು ತಿರುಚಿ ಕುಣಿಯುವವರ ಸಾಲು, ಮೈ ಬಳುಕಿದ್ದು ನೋಡಿದರೆ ಕಲ್ಲು ಅನ್ನಿಸುವುದೇ ಇಲ್ಲ. ಆದರೆ ಗೈಡ್ ನಮ್ಮನ್ನು ಜಾಸ್ತಿ ಹೊತ್ತು ನಿಲ್ಲಿಸಿದ್ದು ಮಧ್ಯದ ಕೆತ್ತನೆಯ ಮುಂದೆ. ಅದರಲ್ಲಿ ಮ್ಯಾಕ್ಸಿಮಿಲಿಯನ್ ಇದ್ದಾನೆ, ಜೊತೆಗೆ ಇಬ್ಬರು ಹೆಂಡತಿಯರು. ಒಬ್ಬಳು ಬರ್ಗಂಡಿಯ ಮೇರಿ. ಅವಳು 1482ರಲ್ಲೇ ಕುದುರೆಯಿಂದ ಬಿದ್ದು ತೀರಿಹೋಗಿದ್ದಳು. ಇನ್ನೊಬ್ಬಳು ಬಿಯಾಂಕಾ ಮರಿಯಾ ಸ್ಫೋರ್ಜಾ, 1494ರಲ್ಲಿ ಮಿಲಾನಿನಿಂದ ಬಂದ ಮದುಮಗಳು. ದೊಡ್ಡ ವರದಕ್ಷಿಣೆ ತಂದವಳು. ಆ ಹಣದ ಮೇಲೆ ಕಣ್ಣಿಟ್ಟೇ ಅವನು ಮದುವೆಯಾದದ್ದು.

ಆಯಿ, ನೀನೇ ಯೋಚಿಸು. ಗಂಡ ಚಿನ್ನದ ಮಾಡು ಹಾಕಿಸುತ್ತಾನೆ, ಅದರ ಕೆಳಗೆ ನಿನ್ನ ಪಕ್ಕದಲ್ಲೇ ಸತ್ತುಹೋದ ಮೊದಲ ಹೆಂಡತಿಯನ್ನೂ ಕೆತ್ತಿಸುತ್ತಾನೆ, ನೀನು ಆ ಚೌಕ ದಾಟುವಾಗಲೆಲ್ಲ ಅದನ್ನು ನೋಡಬೇಕು. ಅವನು ಊರೂರು ಯುದ್ಧ ಮಾಡಿಕೊಂಡು ತಿರುಗುತ್ತಿದ್ದ, ಇವಳನ್ನು ಬಿಟ್ಟುಹೋಗುತ್ತಿದ್ದ. ಸಾಲ ಕೊಟ್ಟವರ ಊರಿನಲ್ಲಿ ಒತ್ತೆಯ ಹಾಗೆ ಉಳಿಸಿಹೋದದ್ದೂ ಉಂಟು. ಮಕ್ಕಳಾಗಲಿಲ್ಲ. 1510ರ ಡಿಸೆಂಬರ್ ಕೊನೆಯ ದಿನ ಇದೇ ಇನ್ಸ್‌ಬ್ರುಕ್‌ನಲ್ಲಿ ತೀರಿಕೊಂಡಳು, ಮೂವತ್ತೆಂಟು ವರ್ಷ. ಹತ್ತಿರದ ಶ್ಟಾಮ್ಸ್ ಮಠದಲ್ಲಿ ಹೂಳಿದರು. ಇಷ್ಟು ಕೇಳಿದ ಮೇಲೆ ಆ ಕಲ್ಲಿನ ಮುಖವನ್ನು ಮತ್ತೆ ನೋಡಿದೆ. ಸಾವಿರಾರು ಜನ ದಿನವೂ ಹೆಂಚಿನ ಫೋಟೋ ತೆಗೆಯುತ್ತಾರೆ, ಅವಳ ಕಡೆ ಯಾರೂ ನೋಡುವುದಿಲ್ಲ. ನನಗೆ ನಿಜವಾಗಿ ಸಂಕಟವಾಯಿತು.

ಇನ್ನೊಂದು ಸಂಗತಿ ಅಪ್ಪಯ್ಯನಿಗೆ ಖುಷಿ ಕೊಡುತ್ತದೆ. ಈ ಚಕ್ರವರ್ತಿಗೆ ಜೀವನಪೂರ್ತಿ ಸಾಲ. ಹತ್ತಿರದ ಶ್ವಾಜ್‌ನಲ್ಲಿ ಬೆಳ್ಳಿ, ತಾಮ್ರದ ದೊಡ್ಡ ಗಣಿಗಳಿದ್ದವು. ಅದರ ಆದಾಯವನ್ನು ತೋರಿಸಿ ಆಗ್ಸ್‌ಬರ್ಗ್‌ನ ಫುಗ್ಗರ್ ಸಾಹುಕಾರರಿಂದ ಸಾಲದ ಮೇಲೆ ಸಾಲ ಎತ್ತಿದ. ಊರಿನ ಛತ್ರದವರಿಗೂ ಬಾಕಿ. ಇವನ ಪರಿವಾರ ಬಂದು ಇಳಿಯುವುದು, ಉಣ್ಣುವುದು, ಕುದುರೆಗಳಿಗೆ ಹುಲ್ಲು ಹಾಕಿಸುವುದು, ಹೋಗುವಾಗ ‘ಆಮೇಲೆ ಕೊಡುತ್ತೇವೆ’ ಎನ್ನುವುದು. 1518ರ ಕೊನೆಗೆ ಕಾಯಿಲೆ ಬಿದ್ದು ಇನ್ಸ್‌ಬ್ರುಕ್‌ಗೆ ಬಂದಾಗ ಛತ್ರದವರು ಹಳೇ ಬಾಕಿ ಕೊಡದೆ ಒಳಗೆ ಬಿಡುವುದಿಲ್ಲ ಎಂದುಬಿಟ್ಟರಂತೆ! ಚಕ್ರವರ್ತಿಯ ಜನಕ್ಕೆ! ಅವನು ಊರು ಬಿಟ್ಟು ಹೊರಟ. 1519ರ ಜನವರಿ 12ರಂದು ವೆಲ್ಸ್ ಎಂಬ ಊರಿನಲ್ಲಿ ಪ್ರಾಣ ಬಿಟ್ಟ. ಇದನ್ನು ಗೈಡ್ ಹೇಳಿದ್ದು ಗೋಲ್ಡನರ್ ಆಡ್ಲರ್ ಎಂಬ ಬಹಳ ಹಳೆಯ ಹೋಟೆಲ್ಲಿನ ಮುಂದೆ ನಿಲ್ಲಿಸಿ. ಅವರ ದನಿಯಲ್ಲಿ ಊರಿನ ಬಗ್ಗೆ ಹೆಮ್ಮೆ ಇತ್ತು. ನಾನೂ ಛತ್ರದವರ ಕಡೆಗೇ. ರೋಗಿಷ್ಟನನ್ನು ಹೊರಗೆ ನಿಲ್ಲಿಸಿದ್ದು ತಪ್ಪಲ್ಲವಾ ಎಂದು ರೂಮ್‌ಮೇಟ್ ವಾದ ಮಾಡಿದಳು. ಆದರೆ ದುಡಿದು ತಿನ್ನುವವರಿಗೂ ಸಂಸಾರ ಇರುತ್ತದಲ್ಲ.

ಸುತ್ತು ಮುಗಿದದ್ದು ಹೋಫ್‌ಕಿರ್ಶೆ ಎಂಬ ಚರ್ಚಿನ ಹೊರಗೆ. ಒಳಗೆ ಹೋಗೋಕೆ ಬೇರೆ ಟಿಕೆಟ್. ನಾವಿಬ್ಬರೂ ತೆಗೆದುಕೊಂಡು ಹೋದೆವು. ಅಪ್ಪಯ್ಯ, ನೀವು ಬಂದರೆ ಬೇರೇನು ತಪ್ಪಿದರೂ ಇದು ತಪ್ಪಬಾರದು. ನಡುವೆ ಮ್ಯಾಕ್ಸಿಮಿಲಿಯನ್ನನ ಸಮಾಧಿ. ಅದರ ಎರಡೂ ಬದಿ ಆಳಿಗಿಂತ ಎತ್ತರದ ಇಪ್ಪತ್ತೆಂಟು ಕಂಚಿನ ಮೂರ್ತಿಗಳು ಕಾವಲು ನಿಂತಿವೆ. ಎಲ್ಲ ಅವನ ಪೂರ್ವಜರು, ಬಂಧುಗಳು, ಮತ್ತೆ ಅವನು ‘ಇವರೂ ನಮ್ಮವರೇ’ ಎಂದು ಸೇರಿಸಿಕೊಂಡ ವೀರರು. ಊರವರು ‘ಕಪ್ಪು ಮನುಷ್ಯರು’ ಎನ್ನುತ್ತಾರೆ, ಆದರೆ ಎಂಟು ಮಂದಿ ಹೆಂಗಸರೂ ಇದ್ದಾರೆ. ನಲವತ್ತು ಮಾಡಿಸಬೇಕೆಂದಿದ್ದನಂತೆ, ಅಷ್ಟು ಆಗಲಿಲ್ಲ.

ಹತ್ತಿರ ಹೋಗಿ ನೋಡಿದೆ. ಒಬ್ಬ ರಾಣಿಯ ಲಂಗದ ಮೇಲೆ ಜರತಾರಿ ಕೆಲಸದ ಒಂದೊಂದು ಎಳೆಯೂ ಎದ್ದು ಕಾಣುತ್ತದೆ. ಕತ್ತಿನ ಸರದ ಮಣಿಗಳನ್ನು ಎಣಿಸಬಹುದು. ಹೆಣೆದ ಜಡೆಗೆ ಸುತ್ತಿದ ಬಲೆ, ಅದರ ಗಂಟುಗಳು, ಎಲ್ಲ ಕಂಚು. ಮೇಣದಲ್ಲಿ ಮಾಡಿ ಎರಕ ಹೊಯ್ದವರ ಕೈ ಎಂಥದ್ದಿರಬೇಕು! ಆರ್ಥರ್ ರಾಜನ ಮೂರ್ತಿಯ ನಕ್ಷೆ ಹಾಕಿದ್ದು ಜರ್ಮನ್ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್, 1513ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಎರಕ ಹೊಯ್ದದ್ದು. ಉಳಿದವರಲ್ಲಿ ಹೆಚ್ಚಿನವರು ಗಂಭೀರವಾಗಿ ನೆಟ್ಟಗೆ ನಿಂತಿದ್ದರೆ ಅವನು ಒಂದು ಕಾಲಿಗೆ ಭಾರ ಬಿಟ್ಟು ಆರಾಮಾಗಿ ನಿಂತಿದ್ದಾನೆ. ಕೆಲವರ ಕೈ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದ ಹಾಗಿದೆ. ದೀಪ ಹಿಡಿಯಲಿ ಎಂದು ಹಾಗೆ ಮಾಡಿದ್ದು.

ಸಮಾಧಿ ಖಾಲಿ. ಮ್ಯಾಕ್ಸಿಮಿಲಿಯನ್ ಇಲ್ಲಿಲ್ಲ. ಅವನನ್ನು ಹೂಳಿದ್ದು ವಿಯೆನ್ನಾ ಹತ್ತಿರದ ವೀನರ್ ನೊಯ್‌ಶ್ಟಾಟ್‌ನಲ್ಲಿ. ಈ ಚರ್ಚನ್ನು ಮೊಮ್ಮಗ ಒಂದನೇ ಫರ್ಡಿನಾಂಡ್ 1553ರಿಂದ 1563ರವರೆಗೆ ಕಟ್ಟಿಸಿದ, ಅಜ್ಜ ಮಾಡಿಸಿಟ್ಟ ಮೂರ್ತಿಗಳನ್ನು ಇಡೋಕೆ ಒಂದು ಜಾಗ ಬೇಕಲ್ಲ ಎಂದು. ಯಾರಿಗಾಗಿ ಇವರೆಲ್ಲ ಇಷ್ಟು ವರ್ಷ ಕಾವಲು ನಿಂತಿದ್ದಾರೋ ಅವನು ಅಲ್ಲಿಲ್ಲವೇ ಇಲ್ಲ. ನಾನು ರಾಜನನ್ನು ಮರೆತು ಎರಕದವರನ್ನೇ ನೋಡಿದೆ ಎನ್ನಬೇಕು. ಅವರ ಕೆಲಸ ಮಾತ್ರ ಒಂಚೂರೂ ಖಾಲಿಯಲ್ಲ.

ಈಗ ನಮ್ಮೂರಿನ ಸುದ್ದಿ. ನಾನು ಭಾರತದವಳು ಎಂದು ಗೊತ್ತಾದ ಮೇಲೆ ಗೈಡ್ ಕೊನೆಗೆ ನನ್ನೊಬ್ಬಳನ್ನೇ ನಿಲ್ಲಿಸಿ ಮಾತಾಡಿದರು. ಮ್ಯಾಕ್ಸಿಮಿಲಿಯನ್ ತನ್ನ ಕೀರ್ತಿಗಾಗಿ ನೂರಕ್ಕೂ ಜಾಸ್ತಿ ಹಾಳೆಯ ಒಂದು ಮೆರವಣಿಗೆಯ ಚಿತ್ರಮಾಲೆ ಮಾಡಿಸಿದ್ದ, ಮರದಚ್ಚಿನಲ್ಲಿ. ಅದರಲ್ಲಿ ‘ಕಲ್ಲಿಕೋಟೆಯ ಜನ’ ಎಂದು ಆನೆಯ ಜೊತೆ ಒಂದು ಗುಂಪು ಬರುತ್ತದೆ. ಅವನು ಕಲ್ಲಿಕೋಟೆ ನೋಡಿರಲಿಲ್ಲ, ಆಳಿರಲೂ ಇಲ್ಲ. ಆದರೆ ಇದೇ ಟಿರೋಲ್‌ನ ಫಿಲ್ಸ್ ಊರಿನ ಬಾಲ್ತಜಾರ್ ಶ್ಪ್ರೆಂಗರ್ ಎಂಬವನು 1505ರಲ್ಲಿ ಜರ್ಮನ್ ವ್ಯಾಪಾರಿಗಳ ಪರವಾಗಿ ಪೋರ್ಚುಗೀಸ್ ಅಲ್ಮೇಡಾನ ಹಡಗುಗಳ ಜೊತೆ ನಮ್ಮ ಕರಾವಳಿಗೆ ಬಂದಿದ್ದ! ಅಲ್ಮೇಡಾ ಅಂದರೆ ಯಾರು ಎಂದು ಅಪ್ಪಯ್ಯನಿಗೆ ಹೇಳಬೇಕಾ? ಕಾರವಾರದೆದುರು ಅಂಜುದೀವಿನಲ್ಲಿ ಕೋಟೆ ಕಟ್ಟಿದವನು, ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮ ಹೊನ್ನಾವರದ ಮೇಲೆ ಬಿದ್ದು ಹಡಗುಗಳಿಗೆ ಬೆಂಕಿ ಇಟ್ಟವನು. ಶ್ಪ್ರೆಂಗರ್ ವಾಪಸು ಹೋಗಿ ಬರೆದ ಪ್ರವಾಸ ಕಥನ 1509ರಲ್ಲಿ ಅಚ್ಚಾಯಿತು.

ನಾನು ಹೊನ್ನಾವರದವಳೇ ಎಂದಾಗ ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಅವರೆಲ್ಲ ಬಂದಿದ್ದು ಕಾಳುಮೆಣಸಿಗೆ. ಅದಕ್ಕೆ ಬದಲು ಪೋರ್ಚುಗೀಸರು ತಂದು ಸುರಿಯುತ್ತಿದ್ದುದು ತಾಮ್ರ, ಬೆಳ್ಳಿ. ನಮ್ಮ ಗೇರುಸೊಪ್ಪೆಯ ಕಡೆಯ ಮೆಣಸಿನ ಬಳ್ಳಿಗೂ ಈ ಬೆಟ್ಟಗಳ ಗಣಿಗೂ ಒಂದೇ ವ್ಯಾಪಾರದ ನಂಟಿತ್ತು ಎಂದು ನಿಂತಲ್ಲೇ ಅನ್ನಿಸಿತು. ಅಪ್ಪಯ್ಯ, ಹೊನ್ನಾವರದ ಮೇಲಿನ ಆ ದಾಳಿಯ ಬಗ್ಗೆ ನಿಮ್ಮ ಹಳೇ ಕಡತದಲ್ಲಿ ಏನಾದರೂ ಟಿಪ್ಪಣಿ ಇದೆಯಾ? ಇದ್ದರೆ ಫೋಟೋ ತೆಗೆದು ಕಳಿಸಿ. ಇಂಗ್ಲಿಷಿಗೆ ಮಾಡಿ ಅವರಿಗೆ ಮೇಲ್ ಮಾಡುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೇನೆ.

ಊಟ ಏನು ಮಾಡಿದೆ ಎಂದು ಆಯಿ ಕೇಳಿಯೇ ಕೇಳುತ್ತಾಳೆ. ಒಣಗಿದ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ಪಾಲಕ್ ಮತ್ತು ಮೊಟ್ಟೆ ಹಾಕಿ ಉಂಡೆ ಕಟ್ಟಿ ಬೇಯಿಸಿ, ಮೇಲೆ ಕರಗಿಸಿದ ಬೆಣ್ಣೆ, ಚೀಸ್ ಹಾಕಿ ಕೊಡುತ್ತಾರೆ. ಮೊಟ್ಟೆ ಇದೆ ಎಂದು ತಿಳಿದು ಬಿಟ್ಟೆ, ರೂಮ್‌ಮೇಟ್ ತಿಂದಳು. ನನಗೆ ಆಲೂಗಡ್ಡೆ ಹುರಿದದ್ದು, ಸಲಾಡು ಸಿಕ್ಕಿತು. ಹೊಟ್ಟೆ ತುಂಬಿತು, ಚಿಂತೆ ಮಾಡಬೇಡ. ಆಮೇಲೆ ಊರ ಗೋಪುರ ಹತ್ತಿದೆವು, 133 ಮೆಟ್ಟಿಲು. ಹಿಂದೆ ಮೇಲೆ ಕಾವಲಿನವನು ಬೆಂಕಿ ಬಿದ್ದರೆ ಕೂಗುತ್ತಿದ್ದ, ಕೆಳಗೆ ಜೈಲಿತ್ತು.

ಮುಂದಿನ ಮೇ ತಿಂಗಳಿಗೆ ನೀವು ಬರುವುದನ್ನು ಈಗಲೇ ಗಟ್ಟಿ ಮಾಡೋಣ. ಜರ್ಮನಿಗೆ ಎಂದು ತೆಗೆದ ಷೆಂಗನ್ ವೀಸಾದಲ್ಲೇ ಆಸ್ಟ್ರಿಯಾಕ್ಕೂ ಹೋಗಬಹುದು, ಬೇರೆ ಬೇಡ. ಅಪ್ಪಯ್ಯನ ಮಂಡಿಗೂ ತೊಂದರೆಯಿಲ್ಲ. ಹಳೇ ಪೇಟೆ ಸಮತಟ್ಟು, ವಾಹನಗಳ ಕಾಟವೂ ಇಲ್ಲ, ಗೋಪುರ ಬಿಟ್ಟರಾಯಿತು. ಬೆಟ್ಟದ ಮೇಲಕ್ಕೆ ಹೋಗೋಕೆ ಊರ ಮಧ್ಯದಿಂದಲೇ ಸಣ್ಣ ರೈಲು, ಆಮೇಲೆ ಕೇಬಲ್ ಕಾರ್ ಇದೆ, ಅರ್ಧ ಗಂಟೆಯಲ್ಲಿ ಹಿಮದ ಹತ್ತಿರ. ಆಯಿಯ ಪಾಸ್‌ಪೋರ್ಟ್ ಅವಧಿ ಮುಗಿಯುತ್ತ ಬಂದಿದೆ, ಈ ವಾರವೇ ತಮ್ಮನ ಹತ್ತಿರ ಅರ್ಜಿ ಹಾಕಿಸಿ. ಅವನು ನಾಳೆ ನಾಳೆ ಎಂದರೆ ನನಗೆ ಫೋನ್ ಮಾಡಿ. ಅಜ್ಜಿಗೆ ನನ್ನ ನಮಸ್ಕಾರ ಹೇಳಿ, ಈ ಕಾಗದ ಓದಿ ಹೇಳಿ.

ನಿಮ್ಮ ಪ್ರೀತಿಯ
ಮಗಳು