ಕೈಯಲ್ಲಿ ಹೊಲಿದ ಗೊಂಬೆಗೆ ಬೇರೆ ದಾರಿ ಬೇಡವೇ?

ಮಾನ್ಯರೇ,

ನಾನು ಹಾಸನದಲ್ಲಿ ಮನೆಯಲ್ಲೇ ಬಟ್ಟೆ ಗೊಂಬೆ, ಕುಲಾವಿ ಹೊಲಿದು ಮಾರುತ್ತೇನೆ. ಹಾಸನಾಂಬೆ ಬಾಗಿಲು ತೆರೆಯುವ ದಿನಗಳಲ್ಲಿ ವ್ಯಾಪಾರ ಸ್ವಲ್ಪ ಜಾಸ್ತಿ, ಉಳಿದಂತೆ ಗೊತ್ತಿದ್ದವರು ಹೇಳಿ ಮಾಡಿಸಿಕೊಳ್ಳುತ್ತಾರೆ. ಹೋದ ತಿಂಗಳು ಅಂಗಡಿಯವರೊಬ್ಬರು ಹತ್ತು ಗೊಂಬೆ ಇಟ್ಟುಕೊಂಡಿದ್ದರು. ಮಾರನೇ ದಿನವೇ ಫೋನ್, "ಐಎಸ್‌ಐ ಮಾರ್ಕ್ ಇಲ್ಲ ಅಲ್ವಾ ಅಕ್ಕ, ಯಾರಾದ್ರೂ ಬಂದು ಕೇಳಿದ್ರೆ ನಾನೇನ್ ಹೇಳ್ಲಿ, ವಾಪಸ್ ತಗೊಂಡ್ಹೋಗಿ."

ಅವರದ್ದು ತಪ್ಪಿಲ್ಲ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ, ಮಾಡುವವರಿಗೂ ಮಾರುವವರಿಗೂ. ಮೀರಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಕಮ್ಮಿ ಅಂದರೂ 2 ಲಕ್ಷ ದಂಡ. ವರ್ಷವೆಲ್ಲ ಹೊಲಿದರೂ ನಾನು ಅಷ್ಟು ಕಾಣುವುದಿಲ್ಲ.

ಹಾಗಂತ ನಿಯಮವೇ ಬೇಡ ಅನ್ನುವವಳಲ್ಲ ನಾನು. ಮೊದಲು ಗೊಂಬೆಗೆ ಗುಂಡಿಯ ಕಣ್ಣು ಹಾಕುತ್ತಿದ್ದೆ. ಒಂದು ದಿನ ತಂಗಿಯ ಹತ್ತು ತಿಂಗಳ ಕೂಸು ಕರಡಿಯ ಕಣ್ಣನ್ನು ಚೀಪಿ ಚೀಪಿ ಕಿತ್ತು ಬಾಯಲ್ಲೇ ಇಟ್ಟುಕೊಂಡು ನಗುತ್ತಾ ಕೂತಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ಕಣ್ಣು ಮೂಗು ಎಲ್ಲ ಕಪ್ಪು ದಾರದ ಕಸೂತಿಯೇ, ಹೊಲಿಗೆ ಎರಡೆರಡು ಸಲ, ಕೈಕಾಲು ಜಗ್ಗಿ ನೋಡದೆ ಯಾರಿಗೂ ಕೊಡುವುದಿಲ್ಲ. ಆದರೆ ಬಟ್ಟೆಯ ಬಣ್ಣದಲ್ಲಿ ಸೀಸ ಇದೆಯೋ ಇಲ್ಲವೋ ಜಗ್ಗಿ ನೋಡಿದರೆ ಗೊತ್ತಾಗುತ್ತದೆಯೇ? ಪರೀಕ್ಷೆ ಬೇಕು. ಆದರೆ ಟೆಸ್ಟಿಂಗ್ ಶುಲ್ಕ, ಲೈಸೆನ್ಸ್, ತಪಾಸಣೆ ಎಲ್ಲ ಇರುವುದು ಒಂದೇ ಅಚ್ಚಿನಲ್ಲಿ ಸಾವಿರಾರು ತೆಗೆಯುವ ಫ್ಯಾಕ್ಟರಿಯ ಲೆಕ್ಕದಲ್ಲಿ. ನಾನು ಟೈಲರ್ ಅಂಗಡಿಯ ತುಂಡು ಬಟ್ಟೆ ತರುವವಳು, ಇವತ್ತಿನ ಮೊಲದಂಥದ್ದು ನಾಳೆ ಇರುವುದಿಲ್ಲ.

ವಿನಾಯಿತಿ ಇದೆ, ನಿಜ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗದಲ್ಲಿ ಕುಶಲಕರ್ಮಿ ಅಂತ ನೋಂದಾಯಿಸಿಕೊಂಡವರಿಗೆ ಮಾರ್ಕ್ ಬೇಕಿಲ್ಲ, ಚನ್ನಪಟ್ಟಣದ ಗೊಂಬೆಯ ಹಾಗೆ ಜಿಐ, ಅಂದರೆ ಇಂಥ ಊರಿನದ್ದೇ ಎಂಬ ಭೌಗೋಳಿಕ ಗುರುತು, ಇರುವುದಕ್ಕೂ ಬೇಕಿಲ್ಲ. ಇದು ಅಂಗಡಿಯವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ವಿಚಾರಿಸಲು ಹೋದರೆ ಕಚೇರಿಯಲ್ಲಿ ಒಬ್ಬರು "ಬಟ್ಟೆ ಗೊಂಬೆ ಅಂದ್ರೆ ಟೈಲರಿಂಗ್ ಅಲ್ವೇನಮ್ಮ" ಅಂದು ಕಳಿಸಿದರು. ಇನ್ನೊಂದು, ಕುಶಲಕರ್ಮಿ ಕಾರ್ಡು ಸಿಕ್ಕರೆ ಆಯಿತು, ಯಾವ ಪರೀಕ್ಷೆಯೂ ಬೇಡ. ಇದೂ ನನಗೆ ಸರಿ ಕಾಣುವುದಿಲ್ಲ. ಒಂದೋ ಫ್ಯಾಕ್ಟರಿಯಷ್ಟೇ ಪೂರ್ತಿ ಪರೀಕ್ಷೆ, ಇಲ್ಲ ಏನೂ ಇಲ್ಲ.

ಅಮೆರಿಕದಲ್ಲೂ ಇದೇ ಗಲಾಟೆ ಆಗಿತ್ತು. ಸೀಸದ ಬಣ್ಣದ ಆಟಿಕೆಗಳ ರಗಳೆ ಆದ ಮೇಲೆ 2008ರಲ್ಲಿ ಬಿಗಿ ಕಾನೂನು ತಂದರು, ಮನೆಯಲ್ಲಿ ಮಾಡುವವರು ಕೂಗಾಡಿದರು, 2011ರಲ್ಲಿ ಸಣ್ಣವರಿಗೆ ಕೆಲವು ಪರೀಕ್ಷೆ ಸಡಿಲಿಸಿದರು. ಆದರೆ ಬಣ್ಣದ ಸೀಸ, ಕಿತ್ತು ಬರುವ ಸಣ್ಣ ಭಾಗ, ಇವೆರಡರ ಪರೀಕ್ಷೆ ಮಾತ್ರ ಬಿಡಲಿಲ್ಲ. ನಮಗೂ ಅಷ್ಟು ಸಾಕು. ಮೂರು ತಿಂಗಳಿಗೊಮ್ಮೆ ಜಿಲ್ಲಾ ಕೇಂದ್ರದಲ್ಲಿ ಕ್ಯಾಂಪ್ ಹಾಕಿ ಬಟ್ಟೆ, ಬಣ್ಣದ ಸ್ಯಾಂಪಲ್ ತಗೊಳ್ಳಲಿ, ನಾಲ್ಕೈದು ಜನ ಸೇರಿ ಖರ್ಚು ಹಂಚಿಕೊಳ್ಳುತ್ತೇವೆ.

ಅಂದ ಹಾಗೆ, ಗೊಂಬೆ ವಾಪಸ್ ಕೊಟ್ಟ ಅಂಗಡಿಯವರು ಕುಲಾವಿ ಮಾತ್ರ ಇಟ್ಟುಕೊಂಡಿದ್ದಾರೆ. ಅದು ಆಟಿಕೆ ಅಲ್ಲವಲ್ಲ. ಕೂಸಿನ ಗದ್ದದ ಕೆಳಗೆ ಕಟ್ಟುವ ಅದರ ಲಾಡಿ ಎಷ್ಟುದ್ದ ಇದೆ ಅಂತ ಈವರೆಗೆ ಯಾರೂ ಕೇಳಿಲ್ಲ.

– ಗೊಂಬೆ ಹೊಲಿಯುವವಳು, ಹಾಸನ