ಮಗಳಿಗೊಂದು ಪತ್ರ: ಆ ರಾತ್ರಿ ಕೆಲಸ ಬಿಡು

ದಾವಣಗೆರೆ
ಭಾನುವಾರ ಸಂಜೆ

ಪುಟ್ಟಿ,

ಸಾಲ ಬೇಡ, ಕಾಲೇಜು ಬಿಟ್ಟು ಕೆಲಸಕ್ಕೇ ಸೇರುತ್ತೇನೆ ಅಂದೆಯಲ್ಲ, ಅದಕ್ಕೆ ಉತ್ತರ ಫೋನಿನಲ್ಲೇ ಹೇಳೋಣ ಅಂದುಕೊಂಡೆ. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ತಮ್ಮ ಇದರ ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕುತ್ತಾನೆ. ಅಕ್ಷರ ತಿಳಿಯದಿದ್ದರೆ ಅವನನ್ನೇ ಕೇಳು, ಮಂಡಿ ಅಂಗಡಿಯ ಲೆಕ್ಕ ಬರೆದು ಬಂದ ನನ್ನ ಬರಹ ಅವನಿಗೆ ರೂಢಿಯಾಗಿದೆ.

ಮೊದಲು ಒಂದು ಸುಳ್ಳನ್ನು ಒಪ್ಪಿಕೊಳ್ಳುತ್ತೇನೆ. ನೀನು ಎಂಸಿಎ ಸೇರುವಾಗ ಕಟ್ಟಿದ 40,000 ರೂಪಾಯಿ ಚೀಟಿ ಎತ್ತಿದ ದುಡ್ಡು ಅಂದಿದ್ದೆನಲ್ಲ, ಅದು ಚೀಟಿಯದಲ್ಲ. ಕೈಸಾಲ. ನೂರಕ್ಕೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 1,200 ಕೊಡುತ್ತಿದ್ದೇನೆ. ನಾಲ್ಕು ತಿಂಗಳಲ್ಲಿ 4,800 ಹೋಯಿತು, ಅಸಲು ಇದ್ದಲ್ಲೇ ಇದೆ. ಎಪಿಎಂಸಿಯಲ್ಲಿ 26 ವರ್ಷದಿಂದ ಅಡತಿ ಅಂಗಡಿಯ ಲೆಕ್ಕ ಬರೆಯುವ ಗುಮಾಸ್ತ ನಾನು. ಮೆಕ್ಕೆಜೋಳ ಮಾರಿ ಪಟ್ಟಿ ಹಿಡಿದುಕೊಂಡ ರೈತರು "ಎಲ್ಲಾ ಬಡ್ಡಿಗೇ ಹೋಯ್ತಲ್ಲ ಅಣ್ಣ" ಅಂದಾಗ, ಯಾಕೆ ತರಬೇಕಿತ್ತು ಅಂತ ಒಳಗೊಳಗೇ ಬೈದುಕೊಂಡವನು. ಈಗ ನಾನೂ ಅದನ್ನೇ ಮಾಡಿದೆ.

ಬ್ಯಾಂಕಿಗೆ ಯಾಕೆ ಹೋಗಲಿಲ್ಲ ಅಂತೀಯ. ಭಯ, ಇನ್ನೇನು? 2020ರ ಲಾಕ್‌ಡೌನ್‌ನಲ್ಲಿ ಬೈಕಿನ ಕಂತು ತಪ್ಪಿದ್ದು ನಿನಗೆ ಗೊತ್ತು. ಕಂಪ್ಯೂಟರ್‌ನಲ್ಲಿ ಅದೆಲ್ಲ ಕಾಣುತ್ತದೆ, ಮರ್ಯಾದೆ ಹೋಗುತ್ತದೆ ಅಂತ ಆ ಕಡೆ ತಲೆ ಹಾಕಿರಲಿಲ್ಲ. ಜೊತೆಗೆ ನಿನ್ನ ಸೋದರಮಾವ ಬೇರೆ, ಮನೆ ಪತ್ರ ಅಡ ಇಡಬೇಕು ಅಂತ ಹೆದರಿಸಿಬಿಟ್ಟಿದ್ದ. ಮೊನ್ನೆ ಧೈರ್ಯ ಮಾಡಿ ಹೋದೆ. ಮನೆ ಪತ್ರ ಬೇಡವಂತೆ. 4 ಲಕ್ಷದವರೆಗಿನ ಓದಿನ ಸಾಲಕ್ಕೆ ಅಡವೂ ಇಲ್ಲ, ನಮ್ಮ ಕೈಯಿಂದ ಇಷ್ಟು ಹಾಕಬೇಕು ಅನ್ನುವುದೂ ಇಲ್ಲ. ತಂದೆಯೋ ತಾಯಿಯೋ ಜಂಟಿಯಾಗಿ ಸಹಿ ಹಾಕಬೇಕು, ಅಷ್ಟೇ. ನನ್ನ ಸಿಬಿಲ್, ಅಂದರೆ ಹಳೇ ಸಾಲ ಕಟ್ಟಿದ್ದು ತಪ್ಪಿಸಿದ್ದರ ದಾಖಲೆ, ನೋಡಿ ಮ್ಯಾನೇಜರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ನಿಮ್ಮ ಮನೆಯವರ ಹೆಸರಲ್ಲಿ ಹಾಕೋಣ್ವಾ?" ಅಂದರು. ಅವ್ವ ಹೊಲಿಗೆ ದುಡ್ಡು ಕಟ್ಟುವ ಖಾತೆ ಅಲ್ಲೇ ಇದೆಯಲ್ಲ. ಮರ್ಯಾದೆ ಏನೂ ಹೋಗಲಿಲ್ಲ.

ಈಗ ಲೆಕ್ಕ ನೋಡು. ಎರಡು ವರ್ಷಕ್ಕೆ ಫೀಸು, ಹಾಸ್ಟೆಲ್ಲು, ಲ್ಯಾಪ್‌ಟಾಪ್ ಎಲ್ಲ ಸೇರಿ 3 ಲಕ್ಷ ಅನ್ನೋಣ. ಓದಿಗೆ ಬೇಕೇ ಬೇಕಾದ ಲ್ಯಾಪ್‌ಟಾಪನ್ನೂ ಇದರಲ್ಲಿ ಸೇರಿಸಬಹುದು. ನಿನ್ನದರ ಮುಚ್ಚಳಕ್ಕೆ ಸುತ್ತಿದ ಟೇಪು ಇನ್ನೆಷ್ಟು ದಿನ ತಡೆಯುತ್ತದೆ? ಬಡ್ಡಿ ವರ್ಷಕ್ಕೆ ನೂರಕ್ಕೆ 10 ಅಂತ ಹಿಡಿ. ತಿಂಗಳಿಗಲ್ಲ, ವರ್ಷಕ್ಕೆ. ಮೊದಲ ವರ್ಷ ಒಂದೂವರೆ ಲಕ್ಷ ತೆಗೆದರೆ ತಿಂಗಳಿಗೆ 1,250 ರೂಪಾಯಿ ಬಡ್ಡಿ. ನಾನು ಬರೀ 40,000ಕ್ಕೆ 1,200 ಕೊಡುತ್ತಿದ್ದೇನೆ! ಇದನ್ನು ಬರೆದು ನೋಡಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಓದು ಮುಗಿದು ಇನ್ನೊಂದು ವರ್ಷದವರೆಗೆ ಕಂತು ಕೇಳುವುದಿಲ್ಲ. ಹಾಗಂತ ಬಡ್ಡಿ ನಿಲ್ಲುವುದಿಲ್ಲ. ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ವರ್ಷಕ್ಕೆ 15,000, ಉಳಿದ ಒಂದೂವರೆ ಲಕ್ಷವನ್ನೂ ತೆಗೆದ ಮೇಲಿನ ಎರಡು ವರ್ಷಕ್ಕೆ 30,000ದಂತೆ 60,000. ಒಟ್ಟು 75,000. ಏನೂ ಕಟ್ಟದೆ ಬಿಟ್ಟರೆ 3 ಲಕ್ಷ ಹೋಗಿ 3,75,000 ಆಗಿ ಕೂತಿರುತ್ತದೆ. ಐದು ವರ್ಷದ ಕಂತು ಮಾಡಿಸಿದರೆ ತಿಂಗಳಿಗೆ ಸುಮಾರು 7,970. ಬಡ್ಡಿಯನ್ನು ಆಗಿಂದಾಗ ಕಟ್ಟುತ್ತಾ ಬಂದರೆ 6,375ರ ಹತ್ತಿರ. ಹಾಗೆ ಕಟ್ಟುವವರಿಗೆ ಬಡ್ಡಿಯಲ್ಲಿ ಶೇ 1 ಬಿಡುವ ಬ್ಯಾಂಕುಗಳೂ ಇವೆ, ಕೇಳಿ ನೋಡಬೇಕು.

ನಿನ್ನ ದುಡಿಮೆ ಬರುವುದು ಇಲ್ಲಿಗೆ. ಸಂಜೆ 5ರಿಂದ ರಾತ್ರಿ 10ರವರೆಗೆ ಬಿಲ್ಲಿಂಗ್ ಕೌಂಟರ್‌ನಲ್ಲಿ ನಿಂತು ಬಂದು, ಬೆಳಿಗ್ಗೆ ಮೊದಲ ಪಿರಿಯಡ್‌ನಲ್ಲಿ ತೂಕಡಿಸುತ್ತೀಯ ಅಂತ ನೀನೇ ನಗುತ್ತಾ ಹೇಳಿದೆ. ನನಗೆ ನಗು ಬರಲಿಲ್ಲ. ಅವತ್ತು "ಸಾಲ ಬೇಡಪ್ಪ, ಕಾಲೇಜು ಬಿಟ್ಟು ಪೂರ್ತಿ ಕೆಲಸಕ್ಕೇ ಸೇರ್ತೀನಿ" ಅಂದೆಯಲ್ಲ, ಅದು ಬೇಡ. ದುಡಿಯಬೇಡ ಅನ್ನುತ್ತಿಲ್ಲ. ಶನಿವಾರ ಭಾನುವಾರದ ಕೆಲಸ ಇಟ್ಟುಕೋ, ಅದರಲ್ಲಿ ಬಡ್ಡಿ ಕಟ್ಟು. ವಾರದ ಐದು ದಿನದ್ದು ಬಿಡು. ನಾನು ಪಿಯುಸಿ ಬಿಟ್ಟು ಮಂಡಿಯಲ್ಲಿ ಕೂತಾಗ ನಿಮ್ಮ ಅಜ್ಜ ಹೇಳಿದ್ದೂ ಹೀಗೇ, ಸಾಲ ಅಂದ್ರೆ ಶೂಲ ಅಂತ. ಅವರಿಗೆ ಗೊತ್ತಿದ್ದದ್ದು ನೂರಕ್ಕೆ ಮೂರರ ಸಾಲ ಒಂದೇ.

ಇನ್ನೊಂದಿದೆ. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ದು, ಓದುವುದು ಎಂಸಿಎಯಂಥ ವೃತ್ತಿ ಕೋರ್ಸ್ ಆದರೆ, ಓದಿನ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ ಇದೆ. ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರಬೇಕು, ಎರಡೂ ಓದಿನ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಸಂಸ್ಥೆಗಳು. ಒಬ್ಬರಿಗೆ ಒಂದೇ ಸಲ. ನಡುವೆ ಓದು ಬಿಟ್ಟರೆ ಇಲ್ಲ, ನೆನಪಿರಲಿ. 2024ರಲ್ಲಿ ಪೇಪರ್‌ನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಅನ್ನುವ ಓದಿನ ಸಾಲದ ಯೋಜನೆ ಬೇರೆ. ಅದು ಆಯ್ದ ಕಾಲೇಜುಗಳಿಗೆ, ನಿನ್ನದು ಆ ಪಟ್ಟಿಯಲ್ಲಿಲ್ಲ. ಮೊದಲು ಹೇಳಿದ ಬಡ್ಡಿ ಸಬ್ಸಿಡಿಗೆ ಅರ್ಜಿ ಹಾಕೋಣ. ಆದರೆ ದುಡ್ಡು ಪಾಸ್‌ಬುಕ್‌ನಲ್ಲಿ ಕಾಣುವವರೆಗೆ ಅದನ್ನು ಜಮಾ ಅಂತ ಬರೆಯುವವನಲ್ಲ ನಾನು.

ಹಾಗೆಯೇ ಈ ಸಲ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕುವ ಮುಂಚೆ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ನೋಡಿಕೋ. ಡಿಗ್ರಿಯಲ್ಲಿ ಸ್ಕಾಲರ್‌ಶಿಪ್ ಬರಲೇ ಇಲ್ಲ ಅಂತ ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಎಲ್ಲ ಆಫೀಸು ಸುತ್ತಿದೆವು. ಕೊನೆಗೆ ನೋಡಿದರೆ, ಮೊಬೈಲ್ ಅಂಗಡಿಯಲ್ಲಿ ಎರಡು ತಿಂಗಳು ಕೆಲಸ ಮಾಡಿದಾಗ ಸಂಬಳಕ್ಕೆ ತೆರೆಸಿದ್ದ ಖಾತೆಯಲ್ಲಿ ದುಡ್ಡು ಆರಾಮಾಗಿ ಮಲಗಿತ್ತು. ಕೆಲಸ ಬದಲಿಸಿದಾಗಲೆಲ್ಲ ಹೊಸ ಖಾತೆ, ಹೊಸ ಖಾತೆಗೆ ಆಧಾರ್. ಸ್ಕಾಲರ್‌ಶಿಪ್ ಅದರ ಹಿಂದೆ ಹೋಗುತ್ತದೆ. ಈಗಿನ ಅಂಗಡಿಯವರೂ ಖಾತೆ ತೆರೆಸಿದ್ದಾರಾ?

ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತಂದಿಟ್ಟಿದ್ದೇನೆ. ನೀನು ಕಾಲೇಜಿನಿಂದ ಎರಡೂ ವರ್ಷದ ಫೀಸಿನ ವಿವರ, ಬೋನಫೈಡ್, ನ್ಯಾಕ್ ಕಾಗದ ತಾ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ನಿನ್ನ ಇನಿಷಿಯಲ್ ಮುಂದಿದೆ, ಆಧಾರ್‌ನಲ್ಲಿ ಹಿಂದಿದೆ. ಅದಕ್ಕೇನು ಮಾಡಬೇಕು ಅಂತ ನೀನೇ ಮ್ಯಾನೇಜರ್‌ಗೆ ಕೇಳು, ಇಂಗ್ಲಿಷ್ ಫಾರಂ ನೋಡಿದರೆ ನನಗೆ ಬೆವರು. ಶನಿವಾರ ರಾತ್ರಿಯ ರೈಲು ಹತ್ತು. ಸೋಮವಾರ ಹತ್ತೂವರೆಗೆ ಬ್ಯಾಂಕು, ಸಾಹುಕಾರರಿಗೆ ಅರ್ಧ ದಿನ ರಜೆ ಹೇಳಿದ್ದೇನೆ. ಆ ಕೈಸಾಲ ನನ್ನದು, ಅದರ ತಂಟೆಗೆ ನೀನು ಬರಬೇಡ.

ಅವ್ವನ ಸಹಿ ಖಾತೆಯಲ್ಲಿರುವ ಸಹಿಗೆ ಹೊಂದುತ್ತಿಲ್ಲ ಅಂತ ಮೊನ್ನೆ ಕೌಂಟರ್‌ನಲ್ಲಿ ಎರಡು ಸಲ ವಾಪಸ್ ಕೊಟ್ಟರು. ಅದಕ್ಕೆ ಮೂರು ದಿನದಿಂದ ಹೊಲಿಗೆ ಮಷಿನ್ ಮೇಲೆ ಹಳೇ ಕ್ಯಾಲೆಂಡರ್ ತಿರುಗಿಸಿ ಇಟ್ಟುಕೊಂಡು ಸಹಿ ಹಾಕುತ್ತಿದ್ದಾಳೆ. ಜನವರಿ, ಫೆಬ್ರವರಿ ತುಂಬಿತು. ಈಗ ಮಾರ್ಚ್‌ನ ಹಿಂದೆ ಕೂತಿದ್ದಾಳೆ.

ನಿನ್ನ
ಅಪ್ಪ